ತೊಳೆದಿಟ್ಟ ಐದು ಪಟ್ಟಿ

ನಲವತ್ತು ವರ್ಷ ಶಾಲೆ ಮಕ್ಕಳಿಗೆ ಅಡುಗೆ ಮಾಡಿ ಹಾಕಿದವಳು ನಾನು. ದಿನಕ್ಕೆ ಆರುನೂರು ತಟ್ಟೆ. ಒಂದು ದಿನ ಒಂದು ಮಗುವಿಗೂ ಹೊಟ್ಟೆ ಕೆಟ್ಟಿಲ್ಲ, ಯಾಕೆಂದರೆ ನನ್ನ ಕೈಗೆ ಸಿಕ್ಕಿ ತೊಳೆಸಿಕೊಳ್ಳದ ಪಾತ್ರೆ ಈ ಹೀಲೊ ಊರಲ್ಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದ ಅನಾಹುತಕ್ಕೆಲ್ಲ ಈ ತೊಳೆಯುವ ಚಾಳಿಯೇ ಕಾರಣ. ಹಿಸಾಯೊ ಪೆದ್ದಿ ಅಂತ ಬೇಕಾದರೆ ಅನ್ನಿ, ಕೊಳಕಿ ಅನ್ನಬೇಡಿ.

ನಮ್ಮಣ್ಣ ಹಾಜಿಮೆಗೆ ಎಪ್ಪತ್ತೆಂಟು. ಅವನು ಮದುವೆ ಆಗಲಿಲ್ಲ. ನಾನು ಆಗಿದ್ದೆ, ಗಂಡ ತೀರಿಕೊಂಡ ಮೇಲೆ ಪೆಟ್ಟಿಗೆ ಎತ್ತಿಕೊಂಡು ಅಣ್ಣನ ಮನೆಗೇ ವಾಪಸು ಬಂದೆ. ಅಡುಗೆಮನೆ ನನ್ನದು, ಹಿತ್ತಿಲಲ್ಲಿ ಕಪ್ಪು ಬಲೆ ಹೊದಿಸಿದ ಗಿಡದ ಮನೆ ಅವನದು. ಅವನ ಕತ್ತರಿ ನಾನು ಮುಟ್ಟೋ ಹಾಗಿಲ್ಲ, ನನ್ನ ಬಾಣಲೆ ಅವನು ಮುಟ್ಟೋ ಹಾಗಿಲ್ಲ. ಆ ಗಿಡದ ಮನೆಯಲ್ಲಿ ಇನ್ನೂರು ಆರ್ಕಿಡ್ ಇವೆ. ಅವುಗಳಲ್ಲಿ ಒಂದು ಅಮ್ಮನದು.

ಕಬ್ಬಿನ ತೋಟದ ಜಪಾನಿ ಕೂಲಿಗಳ ಲೈನ್ ಮನೆಯಲ್ಲಿದ್ದಾಗ ಒಂಟಿ ಗಂಡಸರ ಬಟ್ಟೆ ಒಗೆದು ನಮ್ಮಿಬ್ಬರನ್ನು ಸಾಕಿದವಳು ಅಮ್ಮ. ತೋಟದ ಸಾಹೇಬರ ಹೆಂಡತಿ ಕಸಕ್ಕೆ ಎಸೆದಿದ್ದ ಗಿಡದ ತುಂಡೊಂದನ್ನು ಎತ್ತಿಕೊಂಡು ಬಂದು ಹಂದಿಕೊಬ್ಬಿನ ಹಳೇ ಡಬ್ಬದಲ್ಲಿ ನೆಟ್ಟಿದ್ದಳು. ಅಂಗೈ ಅಗಲದ ಬಿಳಿ ಹೂ, ಗಂಟಲಲ್ಲಿ ಚೂರು ಹಳದಿ. ಬಿಡುವುದು ನವೆಂಬರ್‌ನಲ್ಲಿ. ಅಮ್ಮ ಹೋದದ್ದೂ ನವೆಂಬರ್‌ನಲ್ಲೇ. ಅವತ್ತಿನಿಂದ ಮೂವತ್ತೈದು ವರ್ಷ, ಅವಳು ಹೋದ ದಿನ ಬುದ್ಧನ ಗೂಡಿನಲ್ಲಿ ಅವಳ ಫೋಟೊ ಮುಂದೆ ಆ ಹೂ ಇಟ್ಟು, ಬಿಸಿ ಅನ್ನ ಇಟ್ಟು, ಊದುಬತ್ತಿ ಹಚ್ಚಿ ಕೈಮುಗಿಯುತ್ತಾ ಬಂದಿದ್ದೇವೆ. ಮೊದಲ ವರ್ಷದ ತಿಥಿಗೆ ಮಾತ್ರ ಹೂ ನೇರಳೆ ಬಣ್ಣಕ್ಕೆ ಬಂದಿತ್ತು. ನಾನು ಗಾಬರಿಯಾಗಿದ್ದೆ. "ಬೆಟ್ಟ ಹೊಗೆ ಬಿಡ್ತಾ ಇದೆಯಲ್ಲ ಹಿಸಾ, ಅದಕ್ಕೇ ಬಣ್ಣ ತಿರುಗಿದೆ," ಅಂದಿದ್ದ ಅಣ್ಣ. ಆ ವರ್ಷ ಬೆಂಕಿಬೆಟ್ಟದ ಹೊಗೆಗೆ ನಮ್ಮ ಕಣ್ಣೇ ಉರಿಯುತ್ತಿದ್ದವು, ಗಿಡವನ್ನು ಬಿಟ್ಟೀತೇ ಅಂತ ನಂಬಿದೆ. ಮರುವರ್ಷ ಬಿಳಿ ಬಂತು, ಆಮೇಲೆ ಪ್ರತಿವರ್ಷವೂ ಬಿಳಿಯೇ.

ಆ ಕುಂಡದಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿತ್ತು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಎರಡು ಜಪಾನಿ ಅಕ್ಷರ, 'ಬಿಳಿ' ಅಂತ. ನನಗೆ ಆ ಅಕ್ಷರ ಬರೋದಿಲ್ಲ. ಅಣ್ಣ ಜಪಾನಿ ಶಾಲೆಗೆ ನಾಲ್ಕು ವರ್ಷ ಹೋಗಿದ್ದ, ನಾನು ಹಟ ಮಾಡಿ ಮನೆಯಲ್ಲೇ ಉಳಿದಿದ್ದೆ. ಓದಲು ಬರದಿದ್ದರೇನು, ಅಮ್ಮನ ಕೈಬರಹ ಅಂತ ಈ ಭೂಮಿ ಮೇಲೆ ಉಳಿದದ್ದು ಅದೊಂದೇ ಅಂತ ನಾನು ಆಗಾಗ ಹೋಗಿ ನೋಡಿ ಬರುತ್ತಿದ್ದೆ.

ಕಳೆದ ಮೇ ತಿಂಗಳಲ್ಲಿ ಅಣ್ಣನ ಕಣ್ಣಿನ ಆಪರೇಷನ್ ನಿಗದಿಯಾಯಿತು. ಇನ್ನೊಂದು ದ್ವೀಪದ ಹೊನೊಲುಲುವಿನಲ್ಲಿ, ಹನ್ನೆರಡು ದಿನ. ಹೋದ ದೃಷ್ಟಿ ಬರೋದಿಲ್ಲ, ಇರೋದನ್ನು ಉಳಿಸೋಕೆ ನೋಡ್ತೀವಿ, ಅದೂ ಖಾತ್ರಿ ಇಲ್ಲ, ಅಂದಿದ್ದರು ಡಾಕ್ಟರು. ಹೊರಡುವ ದಿನ ಬೆಳಿಗ್ಗೆ ಅಣ್ಣ ನನ್ನನ್ನು ಗಿಡದ ಮನೆಗೆ ಕರೆದುಕೊಂಡು ಹೋಗಿ ಅಮ್ಮನ ಗಿಡದ ಮುಂದೆ ನಿಲ್ಲಿಸಿದ.

"ಈ ನವೆಂಬರ್‌ನಲ್ಲಿ ಅಮ್ಮನ ಹೂವನ್ನ ಒಂದು ಸಲ ಕಣ್ತುಂಬ ನೋಡ್ಬೇಕು ಹಿಸಾ. ಆಮೇಲೆ ಕಣ್ಣು ಏನಾದ್ರೂ ಆಗ್ಲಿ."

"ನೋಡ್ತೀಯ ಬಿಡಣ್ಣ."

"ಇದಕ್ಕೆ ನೀರು ಹಾಕ್ಬೇಡ. ಮಳೆನೇ ಜಾಸ್ತಿ ಆಗಿದೆ."

"ಆಯ್ತು."

"ಆಯ್ತು ಅಂದ್ಬಿಟ್ಟು ಹಾಕ್ತೀಯ."

"ನಾನೇನು ಚಿಕ್ಕ ಮಗುನಾ?"

"ಚಿಕ್ಕ ಮಗು ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು," ಅಂದು ಕಾರು ಹತ್ತಿದ.

ಮೂರು ದಿನ ಮುಟ್ಟಲಿಲ್ಲ, ದೇವರಾಣೆ. ನಾಲ್ಕನೇ ದಿನ ನೋಡಿದರೆ ಎಲೆಯೆಲ್ಲ ಸುಕ್ಕುಗಟ್ಟಿ ಮುದುಕಿಯ ಕೆನ್ನೆಯ ಹಾಗಾಗಿತ್ತು. ನೀವೇ ಹೇಳಿ, ಸೊರಗಿದ ಗಿಡ ಕಂಡರೆ ಯಾರಾದರೂ ಏನು ಮಾಡುತ್ತಾರೆ? ಒಂದು ಚೊಂಬು ನೀರು ಹಾಕಿದೆ. ಮರುದಿನ ಇನ್ನೂ ಸುಕ್ಕು. ಎರಡು ಚೊಂಬು ಹಾಕಿದೆ, ಪಕ್ಕದ ಗಿಡಗಳಿಗೆ ಭೇದ ಮಾಡಬಾರದು ಅಂತ ಅವಕ್ಕೂ ಸುರಿದೆ. ಏಳನೇ ದಿನ ದಂಟು ಹಿಡಿದು ನೋಡಿದರೆ ಬೀಳೋ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

ಬೇಲಿಯ ಆಚೆ ಮನೆಯ ಮೆದೇರೋಸ್‌ನನ್ನು ಕೂಗಿದೆ. ಅವನೂ ಅಣ್ಣನ ಹಾಗೆಯೇ ಆರ್ಕಿಡ್ ಹುಚ್ಚ. ವಯಸ್ಸು ಅರವತ್ತೆರಡು, ನನ್ನನ್ನು ಆಂಟಿ ಅನ್ನುತ್ತಾನೆ, ಕೇಳಿದರೆ ಮೈ ಉರಿಯುತ್ತದೆ. ಬಂದವನು ಗಿಡವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ತಲೆಯಾಡಿಸಿದ.

"ಬೇರು ಕೊಳೆತಿದೆ ಆಂಟಿ."

"ಕೊಳೆತಿದ್ರೆ ಎಲೆ ಯಾಕೆ ಒಣಗ್ತಾ ಇದೆ? ನೀರು ಸಾಲದೇ ಅಲ್ವಾ?"

"ಬೇರೇ ಇಲ್ಲದ ಮೇಲೆ ನೀರು ಕುಡಿಯೋದು ಯಾವ ಬಾಯಲ್ಲಿ? ನೀರೊಳಗೆ ನಿಂತ್ಕೊಂಡೇ ಬಾಯಾರಿ ಸಾಯ್ತಾ ಇದೆ ಪಾಪ. ನೀವು ಹಾಕಿದಷ್ಟೂ ಸಾಯ್ತದೆ."

ನೀರು ಹಾಕಿದರೆ ಒಣಗುವ ಗಿಡ! ಇಂಥದ್ದನ್ನು ಸಾಕುವವರ ತಲೆ ಸರಿಯಿರಲು ಹೇಗೆ ಸಾಧ್ಯ? ಪಕ್ಕದ ನಾಲ್ಕನ್ನೂ ಅಲ್ಲಾಡಿಸಿ ನೋಡಿದ. ಅವೂ ಅಲ್ಲಾಡಿದವು.

"ಐದನ್ನೂ ಕಿತ್ತು, ಸತ್ತ ಬೇರು ಕತ್ತರಿಸಿ, ಹೊಸ ಲಾವಾ ಕಲ್ಲಿನ ಚೂರಲ್ಲಿ ನೆಡಿ. ಒಂದು ಗಿಡಕ್ಕೆ ಮುಟ್ಟಿಸಿದ ಕತ್ತರಿನ ಬೆಂಕಿಗೆ ಹಿಡೀದೆ ಇನ್ನೊಂದಕ್ಕೆ ಮುಟ್ಟಿಸ್ಬೇಡಿ, ರೋಗ ಹರಡ್ತದೆ. ಎಲ್ಲಾ ತೊಳೀರಿ ಆಂಟಿ, ಎಲ್ಲಾನೂ," ಅಂದು, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಅಂತ ಹೊರಟುಹೋದ.

ತೊಳೀರಿ ಅಂತ ನನಗೆ ಹೇಳಬೇಕೇ?

ಐದು ಗಿಡವನ್ನೂ ಅಂಗಳದ ಮೇಜಿನ ಮೇಲೆ ತಂದು, ಕುಂಡ ಒಡೆದು ಹೊರಗೆ ತೆಗೆದೆ. ಅಯ್ಯೋ ಆ ವಾಸನೆ! ಮೂರು ದಿನ ಮುಚ್ಚಿಟ್ಟ ಎಲೆಕೋಸಿನ ಪಲ್ಯದ್ದು. ಬೇರು ಕತ್ತರಿಸಲು ಕೂತರೆ ಯಾವುದು ಸತ್ತದ್ದು ಯಾವುದು ಬದುಕಿದ್ದು ಅಂತಲೇ ತಿಳಿಯುತ್ತಿಲ್ಲ. ಕಪ್ಪಗಿದ್ದದ್ದು ಸತ್ತದ್ದು ಅಂದುಕೊಂಡು ಕತ್ತರಿಸಿದರೆ ಒಳಗೆ ಹಸಿರು, ಗಟ್ಟಿ. ಬೆಳ್ಳಗಿದ್ದದ್ದು ಬದುಕಿದೆ ಅಂದುಕೊಂಡು ಹಿಡಿದರೆ ಸಿಪ್ಪೆ ಕಳಚಿಕೊಂಡು ಒಳಗೆ ಬರೀ ದಾರ. ಬದುಕಿದ್ದ ಎಷ್ಟು ಬೇರು ಕತ್ತರಿಸಿದೆನೋ ಆ ಬುದ್ಧನಿಗೇ ಗೊತ್ತು. ಒತ್ತಿ ನೋಡಿ ಕತ್ತರಿಸಬೇಕು ಅನ್ನುವುದು ಮೂರನೇ ಗಿಡಕ್ಕೆ ಬರುವ ಹೊತ್ತಿಗೆ ಕೈಗೆ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕತ್ತರಿಸಿದ ಐದನ್ನೂ ಔಷಧಿ ಕಲಸಿದ ಒಂದೇ ಬೋಗುಣಿಯಲ್ಲಿ ನೆನೆಹಾಕಿದೆ. ಅವು ನೆನೆಯಲಿ ಅಂತ ಉಳಿದದ್ದನ್ನೆಲ್ಲ ಒಳಗೆ ತಂದು ಸಿಂಕಿನಲ್ಲಿ ಹಾಕಿಕೊಂಡೆ: ಕತ್ತರಿ, ಕೋಲು, ತಂತಿ, ಪಟ್ಟಿಗಳು. ಪಟ್ಟಿಗಳ ಮೇಲೆ ವರ್ಷಗಳ ಪಾಚಿ. ಪಾತ್ರೆ ತಿಕ್ಕುವ ನೀಲಿ ಪುಡಿ ಹಾಕಿ, ಸ್ಟೀಲ್ ನಾರು ಹಿಡಿದು ಉಜ್ಜಿದೆ. ಹಾಡು ಗುನುಗಿಕೊಂಡು ಉಜ್ಜಿದೆ, ಅದು ಬೇರೆ. ಐದನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಫಳಫಳ ಹೊಳೆಯುತ್ತಿದ್ದವು.

ಅಮ್ಮನದನ್ನು ಮೊದಲು ಎತ್ತಿಕೊಳ್ಳೋಣ ಅಂತ ಕೈ ಚಾಚಿದೆ. ಯಾವುದು ಅಮ್ಮನದು?

ಐದೂ ಬಿಳಿ. ಒಂದರ ಮೇಲೂ ಒಂದು ಗೀರಿಲ್ಲ.

ಅಂಗಳಕ್ಕೆ ಓಡಿದೆ. ಬೋಗುಣಿಯಲ್ಲಿ ಐದು ಗಿಡ, ಐದೂ ಒಂದೇ ಥರ, ಬೇರು ಬೋಳಿಸಿಕೊಂಡು ಒಂದರ ಮೇಲೊಂದು ಬಿದ್ದುಕೊಂಡಿವೆ. ಕುಂಡ ನೋಡಿ ಗುರುತು ಹಿಡಿಯೋಣ ಅಂದರೆ ಕುಂಡ ಚೂರಾಗಿ ಕಸದ ಡಬ್ಬ ಸೇರಿದ್ದವು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಗಿಡ ಹೋದರೆ ಹೋಯಿತು, ಇನ್ನೊಂದು ಗಿಡ. ಅಮ್ಮನ ಅಕ್ಷರವನ್ನು ಪಾತ್ರೆ ಪುಡಿ ಹಾಕಿ ಉಜ್ಜಿ ಹಾಕಿದೆನಲ್ಲ, ನನ್ನ ಕೈಗೆ ಹುಳ ಬೀಳ!

ಸಂಜೆ ಅಣ್ಣನ ಫೋನು ಬಂತು.

"ಅಮ್ಮನ ಗಿಡ ಹೇಗಿದೆ?"

"ಇದೆ."

"ಇದೆ ಅಂದ್ರೆ?"

"ಇದೆ ಅಂದ್ರೆ ಇದೆ. ಎಲ್ಲಿಗೆ ಹೋಗ್ತದೆ? ನಿನ್ನ ಕಣ್ಣು ಹೇಗಿದೆ ಹೇಳು."

ಐದು ದಿನ ಹೀಗೆಯೇ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ. ಹಗಲೆಲ್ಲ ಹೊಸ ಕುಂಡದಲ್ಲಿ ನೆಟ್ಟ ಐದನ್ನೂ ಮುಂದಿಟ್ಟುಕೊಂಡು ಕೂರುವುದೇ ಕೆಲಸ. ಎಲೆ ಎಣಿಸಿದೆ. ಅಗಲ ಅಳೆದೆ. ಹಳೇ ಫೋಟೊ ಹುಡುಕಿ ತೆಗೆದೆ. ಫೋಟೊದಲ್ಲಿ ಹೂ ಚೆನ್ನಾಗಿತ್ತು, ಎಲೆ ಇರಬೇಕಾದ ಕಡೆ ನನ್ನ ಭುಜ ಇತ್ತು. ಬೆಳಿಗ್ಗೆ ಒಂದನ್ನು ನೋಡಿ ಇದೇ, ಇದೇ ಅನ್ನಿಸಿದರೆ ಮಧ್ಯಾಹ್ನ ಅದರ ಪಕ್ಕದ್ದು ಅನ್ನಿಸುತ್ತಿತ್ತು. ಮೆದೇರೋಸ್‌ನನ್ನು ಕರೆದು ತೋರಿಸಿದೆ. ಊದಿದ ದವಡೆ ಹಿಡಿದುಕೊಂಡು ಎರಡನೆಯದನ್ನು ತೋರಿಸಿದ. ಸಾಯಂಕಾಲ ಬೇಲಿ ಮೇಲಿಂದ ಇಣುಕಿ, "ಅಲ್ಲ ಆಂಟಿ, ನಾಲ್ಕನೇದು ಅನ್ಸುತ್ತೆ," ಅಂದ.

"ನಿನಗೇನಾದ್ರೂ ಗೊತ್ತೋ, ಇಲ್ಲ ಬಾಯಿಗೆ ಬಂದದ್ದು ಹೇಳ್ತಾ ಇದ್ದೀಯೋ?"

"ಹೂ ಬಿಡೋ ತನಕ ಯಾರಿಗೂ ಗೊತ್ತಾಗಲ್ಲ ಆಂಟಿ. ಅದಕ್ಕೇ ಅಲ್ವಾ ಪಟ್ಟಿ ಹಾಕೋದು?"

ಅವನ ಊದಿದ ದವಡೆಗೆ ಇನ್ನೊಂದು ಕೊಡೋಣ ಅನ್ನಿಸಿತು.

ಶನಿವಾರ ಅಣ್ಣ ಬಂದ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕೆಂಪಗೆ. ಬಾಗಬಾರದು, ಭಾರ ಎತ್ತಬಾರದು ಅಂದಿದ್ದರಂತೆ. ಕೈಚೀಲವನ್ನೂ ಕೆಳಗಿಡದೆ ನೇರ ಗಿಡದ ಮನೆಗೆ ನಡೆದ. ನಾನು ಹಿಂದೆಯೇ ಓಡಿದೆ. ಅಮ್ಮನ ಗಿಡದ ಜಾಗ ಖಾಲಿ ಇರುವುದನ್ನು ಕೈಯಾಡಿಸಿ ತಿಳಿದುಕೊಂಡು ನಿಂತುಬಿಟ್ಟ.

"ಹಿಸಾ, ಎಲ್ಲಿ?"

ಅವನ ಕೈ ಹಿಡಿದು ಅಂಗಳದ ಮೇಜಿನ ಹತ್ತಿರ ಕೂರಿಸಿದೆ. ನೀರು ಹಾಕಿದ್ದು, ಕೊಳೆತದ್ದು, ಕತ್ತರಿಸಿದ್ದು, ಬೋಗುಣಿ, ಸಿಂಕು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ತೊಳೆದ ಐದು ಪಟ್ಟಿಗಳನ್ನು ಅವನ ಅಂಗೈಗೆ ಹಾಕಿದೆ. ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದು ನೋಡಿದ.

"ಯಾವುದರಲ್ಲಿ ಉಜ್ಜಿದೆ?"

"ನೀಲಿ ಪುಡೀಲಿ."

"ಸ್ಟೀಲ್ ನಾರು?"

"ಹೂಂ."

ಅಣ್ಣ ನಗಲು ಶುರುಮಾಡಿದ. ಕಣ್ಣಿನ ಪಟ್ಟಿ ಒತ್ತಿ ಹಿಡಿದುಕೊಂಡು, ಅಮ್ಮಾ, ನೋವು, ಅನ್ನುತ್ತಾ ನಕ್ಕ. ನನಗೆ ಏನೂ ಅರ್ಥವಾಗಲಿಲ್ಲ. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ, ನಗುವಿಗೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ.

"ಅಮ್ಮನ ಅಕ್ಷರ ಅಳಿಸಿಬಿಟ್ಟೆ ಅಣ್ಣ, ನಗ್ತೀಯಲ್ಲ!"

"ಅಮ್ಮ ಯಾವತ್ತು ಬರೆದಳೇ? ಅವಳ ಕೈಯಲ್ಲಿ ಪೆನ್ಸಿಲ್ ನೋಡಿದ್ದೀಯಾ ನೀನು? ಅದನ್ನ ಬರೆದದ್ದು ನಾನು."

"ನೀನಾ?"

"ಅವಳು ಪಟ್ಟಿನೇ ಹಾಕ್ತಿರಲಿಲ್ಲ. ಡಬ್ಬ ನೋಡಿ ಗುರುತು ಹಿಡೀತಿದ್ದಳು. ಅವಳು ಹೋದ ಮೇಲೆ, ತುಕ್ಕು ಹಿಡಿದ ಡಬ್ಬ ಅಂತ ಅವಳದನ್ನೂ ನನ್ನ ಉಳಿದ ಗಿಡಗಳನ್ನೂ ಕಿತ್ತು ಒಂದೇ ದಿನ ಹೊಸ ಕುಂಡಕ್ಕೆ ಹಾಕಿದೆ. ದುಃಖದಲ್ಲಿದ್ದೆ, ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಸಾಯಂಕಾಲ ನೋಡ್ತೀನಿ, ಯಾವುದು ಯಾವುದು ಅಂತ ಗೊತ್ತಿಲ್ಲ. ಒಂದನ್ನ ಆರಿಸಿ 'ಬಿಳಿ' ಅಂತ ಪಟ್ಟಿ ಬರೆದು ಚುಚ್ಚಿದೆ."

ನನ್ನ ತಲೆಯಲ್ಲಿ ಏನೋ ಮೆಲ್ಲಗೆ ತಿರುಗಿತು.

"ಅಂದ್ರೆ, ಮೊದಲನೇ ವರ್ಷ ನೇರಳೆ ಬಂದದ್ದು?"

"ತಪ್ಪು ಗಿಡ."

"ಬೆಟ್ಟದ ಹೊಗೆ ಅಂದಿದ್ದೆಯಲ್ಲೋ!"

"ನೀನು ಅಮ್ಮನ ಫೋಟೊ ಮುಂದೆ ಆ ಹೂ ಇಟ್ಟು ಅಳ್ತಾ ಕೂತಿದ್ದೆ. ಏನಂತ ಹೇಳ್ಲಿ? ಬಾಯಿಗೆ ಹೊಗೆ ಬಂತು, ಹೇಳ್ದೆ. ಮರುವರ್ಷ ಎರಡು ಗಿಡ ಬಿಳಿ ಬಿಟ್ವು. ಒಂದಕ್ಕೆ ಪಟ್ಟಿ ಬದಲಾಯಿಸ್ದೆ."

"ಇನ್ನೊಂದು?"

"ಮೆದೇರೋಸನ ಅಪ್ಪನಿಗೆ ಕೊಟ್ಟೆ. ಅದು ಸತ್ತುಹೋಯ್ತು."

"ಹಾಗಾದ್ರೆ ನಾವು ಇಷ್ಟು ವರ್ಷ ಇಟ್ಟದ್ದು ಅಮ್ಮನದಾ, ಅಲ್ವಾ?"

"ಹೂ ನೋಡಿದಾಗ ಕೆಲವು ವರ್ಷ ಹೌದು ಅನ್ಸುತ್ತೆ. ಕೆಲವು ವರ್ಷ ಅಲ್ಲ ಅನ್ಸುತ್ತೆ. ನನಗೂ ಗೊತ್ತಿಲ್ಲ ಹಿಸಾ."

ಎಂಥ ಸಿಟ್ಟು ಬಂತು ಅಂತೀರಿ! ಐದು ದಿನ ಅನ್ನ ನಿದ್ದೆ ಬಿಟ್ಟು ಅತ್ತವಳು ನಾನು, ಮೂವತ್ತೈದು ವರ್ಷ ಸುಳ್ಳು ಹೇಳಿದವನು ಅವನು. ಅವತ್ತು ಅವನಿಗೆ ಊಟ ಬಡಿಸಲಿಲ್ಲ. ಬಡಿಸಲಿಲ್ಲ ಅಂದರೆ, ಬಡಿಸಿದೆ, ತಟ್ಟೆ ಕುಕ್ಕಿದೆ. ಅನ್ನ, ಮೀನು, ಉಪ್ಪಿನಲ್ಲಿ ಹಾಕಿದ ಪ್ಲಮ್, ಎಲ್ಲ ಅವನಿಗೆ ಇಷ್ಟವಾದದ್ದೇ ಮಾಡಿಟ್ಟಿದ್ದೆ, ಅದಕ್ಕೆ ಇನ್ನಷ್ಟು ಸಿಟ್ಟು. ಅವನು ಎಲ್ಲ ತಿಂದು ಕೈ ಒರೆಸಿಕೊಂಡು, "ಪೆನ್ಸಿಲ್ ತಗೊಂಡು ಬಾ," ಅಂದ.

"ಯಾಕೆ?"

"ಅವತ್ತು ನಾನು ಆರಿಸ್ದೆ. ಈ ಸಲ ನೀನು ಆರಿಸು."

"ನಂಗೆ ಗೊತ್ತಾಗಲ್ಲ."

"ನಂಗೂ ಗೊತ್ತಾಗಿರಲಿಲ್ಲ."

ಮೂರು ಬೇರು ಮಾತ್ರ ಉಳಿದಿದ್ದ ಒಂದು ಗಿಡವಿತ್ತು. ಐದರಲ್ಲಿ ತೀರಾ ಬಡವ. ಆದರೆ ಅದರ ಬುಡದಲ್ಲಿ ಆಗಲೇ ಹಸಿರು ತುದಿಯೊಂದು ಇಣುಕಿತ್ತು. ಅದನ್ನು ಅವನ ಮುಂದಿಟ್ಟೆ. ಅಕ್ಷರ ಬರೆಯಲು ಅವನಿಗೆ ಕಣ್ಣಿಲ್ಲ, ನನಗೆ ವಿದ್ಯೆ ಇಲ್ಲ. ನನ್ನ ಅಂಗೈ ಹಿಡಿದುಕೊಂಡು ಬೆರಳಲ್ಲಿ ಗೀಚಿ ತೋರಿಸಿದ: ಮೂರು ಗೀರು ಒಂದು ಅಕ್ಷರ, ಚೌಕ ಇನ್ನೊಂದು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಆ ಅಕ್ಷರ ಬರೆದೆ. ಚೌಕ ಸೊಟ್ಟಗಾಯಿತು. ಪಟ್ಟಿಯನ್ನು ಕುಂಡಕ್ಕೆ ಚುಚ್ಚಿದೆ.

ಬೇಸಿಗೆಯೆಲ್ಲ ಆ ಗಿಡವನ್ನು ನೋಡಿಕೊಂಡದ್ದು ನಾನೇ. ನೀರು ಬೇಕು ಅಂತ ನನಗೆ ಅನ್ನಿಸಿದ ದಿನ ಹಾಕುತ್ತಿರಲಿಲ್ಲ. ಅದೊಂದು ಉಪಾಯ ಚೆನ್ನಾಗಿ ಕೆಲಸ ಮಾಡಿತು. ಬೇರು ಕಲ್ಲು ಹಿಡಿಯಿತು, ಎಲೆಯ ಸುಕ್ಕು ಬಿಟ್ಟಿತು. ಅಣ್ಣನ ಕಣ್ಣು ಮಾತ್ರ ಹಿಡಿಯಲಿಲ್ಲ. ಆಗಸ್ಟ್‌ನಲ್ಲಿ ಪೇಪರು ಓದುವುದು ಬಿಟ್ಟ. ಅಕ್ಟೋಬರ್ ಹೊತ್ತಿಗೆ ಕುಂಡ ಎಲ್ಲಿದೆ ಅಂತ ಕೈಯಲ್ಲಿ ತಡವುತ್ತಿದ್ದ. "ಎಲ್ಲಾ ಹೊಗೆಯೊಳಗೆ ಇದ್ದ ಹಾಗೆ ಕಾಣ್ತದೆ ಹಿಸಾ," ಅನ್ನುತ್ತಿದ್ದ. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: ಮೊಗ್ಗು ಬಂತಾ?

ಬಂತು. ಐದರಲ್ಲಿ ಅದೊಂದಕ್ಕೇ, ಒಂದೇ ಒಂದು ಮೊಗ್ಗು. ಮೆದೇರೋಸ್ ಬೇಲಿ ಮೇಲಿಂದ ನೋಡಿ ಗಂಟಲು ಸರಿಮಾಡಿಕೊಂಡ.

"ಆಂಟಿ, ಆ ಮೊಗ್ಗಿನ ತುದಿ ಕೆಂಪಗಿದೆ. ಬಿಳಿ ಹೂವಿಗೆ ಹಾಗೆ..."

"ಬಾಯ್ಮುಚ್ಚು."

ಅಮ್ಮ ಹೋದ ದಿನಕ್ಕೆ ಎರಡು ದಿನ ಮುಂಚೆ ಅರಳಿತು. ನೇರಳೆ. ಸುಮ್ಮನೆ ನೇರಳೆ ಅಲ್ಲ, ಬದನೆಕಾಯಿ ನೇರಳೆ. ನೋಡುತ್ತಾ ನಿಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದ ನಾಲ್ಕರಲ್ಲಿ ಅಮ್ಮನದು ಎಲ್ಲೋ ಸುಮ್ಮನೆ ಕೂತಿದೆ, ಮುಂದಿನ ವರ್ಷ ಬಿಟ್ಟರೂ ಬಿಡಬಹುದು. ಮುಂದಿನ ವರ್ಷಕ್ಕೆ ಅಣ್ಣನಿಗೆ ಈ ಹೊಗೆಯಷ್ಟಾದರೂ ಕಾಣುತ್ತದೋ ಇಲ್ಲವೋ.

"ಮಾರ್ಕೆಟ್‌ನಿಂದ ಒಂದು ಬಿಳೀದು ತಂದ್ಕೊಡ್ಲಾ ಆಂಟಿ?" ಅಂದ ಮೆದೇರೋಸ್, ಪಾಪ, ಮೆಲ್ಲಗೆ.

"ನಮ್ಮಮ್ಮನಿಗೆ ಅಂಗಡಿ ಹೂವಾ? ನಾಚಿಕೆ ಆಗ್ಬೇಕು ನಿಂಗೆ," ಅಂದುಬಿಟ್ಟೆ. ಆಮೇಲೆ ಅವನಿಗೆ ಒಂದು ಡಬ್ಬಿ ಅಕ್ಕಿ ಕಡುಬು ಕಳಿಸಿದೆ.

ಆ ದಿನ ಬೆಳಿಗ್ಗೆ ಕುಂಡವನ್ನೇ ಎತ್ತಿಕೊಂಡು ಬಂದು ಬುದ್ಧನ ಗೂಡಿನ ಮುಂದೆ ಇಟ್ಟೆ. ಅನ್ನ ಇಟ್ಟೆ, ಊದುಬತ್ತಿ ಹಚ್ಚಿದೆ. ಅಣ್ಣ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಚಾಪೆಯ ಮೇಲೆ ಕೂತ. ಮುಖವನ್ನು ಹೂವಿನ ಹತ್ತಿರ, ತೀರಾ ಹತ್ತಿರ ತಂದು ತುಂಬ ಹೊತ್ತು ನೋಡಿದ. ಮೂಸಿದ. ಒಂದು ಬೆರಳಿನಿಂದ ಎಸಳಿನ ಅಂಚನ್ನು ಸವರಿದ.

"ಬೆಳ್ಳಗಿದೆಯಾ ಹಿಸಾ?"

"ಹೂಂ ಅಣ್ಣ," ಅಂದೆ. "ಹಾಲಿನ ಹಾಗಿದೆ."

ಅವನು ತಲೆಯಾಡಿಸಿದ. ಅಮ್ಮನ ಫೋಟೊ ಇರುವ ಕಡೆಗೆ ತಿರುಗಿ ಕೈಮುಗಿದ. ಮುಗಿದ ಕೈಯನ್ನು ಇಳಿಸದೆ, ನನ್ನ ಕಡೆ ನೋಡದೆ, ಕೇಳಿದ:

"ಈ ವರ್ಷ ಬೆಟ್ಟ ಹೊಗೆ ಬಿಡ್ತಾ ಇದೆಯಾ?"

ಕಿಟಕಿಯ ಆಚೆ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿತ್ತು, ತುದಿಯವರೆಗೂ. ಒಂದು ಎಳೆ ಹೊಗೆ ಇರಲಿಲ್ಲ.

"ಹೂಂ," ಅಂದೆ. "ಜೋರಾಗಿ ಬಿಡ್ತಾ ಇದೆ ಅಣ್ಣ."